ಹಳೆಯ ಕಂಪ್ಯೂಟರುಗಳಲ್ಲಿ ಸೀರಿಯಲ್ ಪೋರ್ಟ್ ಮತ್ತು ಮೋಡೆಂ ಘರ್ಷಣೆ: ಪತ್ತೆ ಹಾಗೂ ನಿವಾರಣೆ

ಹಾಲು ಉತ್ಪಾದಕರ ಸಹಕಾರ ಸಂಘ, ಹವಾಮಾನ ವೀಕ್ಷಣಾಲಯ, ಮಣ್ಣು ಪರೀಕ್ಷಾ ಪ್ರಯೋಗಾಲಯ ಮೊದಲಾದ ಕಡೆಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳಷ್ಟು ಹಳೆಯ ಕಂಪ್ಯೂಟರ್ ಇನ್ನೂ ಕೆಲಸ ಮಾಡುತ್ತಿರುವುದನ್ನು ಕೆಲವೆಡೆ ಕಾಣಬಹುದು. ಅದಕ್ಕೆ ಜೋಡಿಸಿರುವ ತೂಕದ ಯಂತ್ರ ಅಥವಾ ಮಾಪನ ಉಪಕರಣ ಸುಸ್ಥಿತಿಯಲ್ಲಿರುತ್ತದೆ. ಅದರ ಪ್ರೋಗ್ರಾಂ ಮಾತ್ರ ಹಳೆಯ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಆದಕಾರಣ ಕಂಪ್ಯೂಟರನ್ನು ಬದಲಾಯಿಸಲು ಹೋದರೆ ಉಪಕರಣವನ್ನೂ ಬದಲಾಯಿಸಬೇಕಾಗುತ್ತದೆ. ಸಣ್ಣ ಸಂಘಕ್ಕೆ ಇದು ಭಾರವಾದ ಖರ್ಚು.

ಇಂತಹ ಕಂಪ್ಯೂಟರಿಗೆ ಮೂರನೆಯ ಅಥವಾ ನಾಲ್ಕನೆಯ ಉಪಕರಣವನ್ನು ಜೋಡಿಸಿದ ಕೂಡಲೇ ಒಂದು ವಿಚಿತ್ರ ತೊಂದರೆ ಕಾಣಿಸಿಕೊಳ್ಳುವುದುಂಟು. ಮೌಸ್ ಆಡಿಸಿದರೆ ಮೋಡೆಂ ಸಂಪರ್ಕ ಕಡಿದುಹೋಗುತ್ತದೆ. ಮೋಡೆಂ ಕರೆ ಮಾಡಿದರೆ ತೂಕದ ಯಂತ್ರದ ಅಂಕಿ ಬರುವುದು ನಿಲ್ಲುತ್ತದೆ. ಒಂದೊಂದನ್ನೇ ಬಳಸಿದರೆ ಎಲ್ಲವೂ ಸರಿಯಾಗಿರುತ್ತದೆ. ಉಪಕರಣ ಕೆಟ್ಟಿದೆಯೆಂದು ತಿಳಿದು ಅದನ್ನು ದುರಸ್ತಿಗೆ ಕಳುಹಿಸಿದರೆ, ಅದು ಯಾವ ದೋಷವೂ ಇಲ್ಲವೆಂಬ ಚೀಟಿಯೊಡನೆ ಹಿಂದಿರುಗುತ್ತದೆ. ಇಂತಹ ಸಂದರ್ಭಗಳಲ್ಲಿ ದೋಷವಿರುವುದು ಬಹಳಮಟ್ಟಿಗೆ ಜೋಡಣೆಯಲ್ಲಿ. ಇದನ್ನು ಖರ್ಚಿಲ್ಲದೆ ಅಥವಾ ಅಲ್ಪ ಖರ್ಚಿನಲ್ಲಿ ಸರಿಪಡಿಸುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರೈತನಿಗೆ ಇದರಿಂದಾಗುವ ನಷ್ಟ

ಹಾಲಿನ ಬೆಲೆಯನ್ನು ಅದರ ಪ್ರಮಾಣ, ಜಿಡ್ಡಿನಂಶ ಹಾಗೂ ಜಿಡ್ಡೇತರ ಘನಾಂಶಗಳ ಮೇಲೆ ನಿರ್ಧರಿಸಲಾಗುತ್ತದೆ. ಒಬ್ಬ ರೈತ 8 ಕೆ.ಜಿ. ಹಾಲು ತಂದನೆಂದು ಇಟ್ಟುಕೊಳ್ಳೋಣ. ಜಿಡ್ಡಿನಂಶ ಶೇ. 4.5 ಇದ್ದರೆ ಆ ಹಾಲಿನಲ್ಲಿ 360 ಗ್ರಾಂ ಜಿಡ್ಡು ಇರುತ್ತದೆ. ಅದೇ ಹಾಲಿಗೆ ತಪ್ಪಾಗಿ ಶೇ. 3.5 ಎಂದು ದಾಖಲಾದರೆ ಲೆಕ್ಕಕ್ಕೆ ಬರುವುದು 280 ಗ್ರಾಂ ಮಾತ್ರ. ಒಂದು ಹೊತ್ತಿಗೆ 80 ಗ್ರಾಂ ಜಿಡ್ಡಿನ ಹಣ ಕೈತಪ್ಪಿತು.

ಉಪಕರಣದ ಅಂಕಿ ಕಂಪ್ಯೂಟರಿಗೆ ತಲುಪದಿದ್ದಾಗ ಎರಡು ರೀತಿಯ ಅನಾಹುತಗಳು ಸಂಭವಿಸಬಹುದು. ಮೊದಲನೆಯದಾಗಿ, ಸಾಲಿನಲ್ಲಿ ಜನ ಕಾಯುತ್ತಿರುವಾಗ ಅಂಕಿಯನ್ನು ಅಂದಾಜಿನಿಂದ ಕೈಯಲ್ಲೇ ಒತ್ತುವ ಅಭ್ಯಾಸ ಬೆಳೆಯುತ್ತದೆ. ಎರಡನೆಯದಾಗಿ, ಪ್ರೋಗ್ರಾಂ ಹಿಂದಿನ ಅಂಕಿಯನ್ನು ಅಳಿಸದೆ ಇಟ್ಟುಕೊಳ್ಳುವಂತಹದಾದರೆ, ಮುಂದೆ ನಿಂತಿದ್ದವರ ಹಾಲಿನ ಅಂಕಿ ಹಿಂದಿನವರ ಹೆಸರಿಗೆ ಸೇರಿಬಿಡಬಹುದು. ಒಳ್ಳೆಯ ಮೇವು ಹಾಕಿ, ಒಳ್ಳೆಯ ಹಾಲು ತಂದವರಿಗೇ ಇದರಿಂದ ಹೆಚ್ಚು ನಷ್ಟ. ಹವಾಮಾನ ವೀಕ್ಷಣೆಯಲ್ಲಂತೂ ತಪ್ಪಿಹೋದ ಮಳೆಯ ಅಥವಾ ಉಷ್ಣಾಂಶದ ಅಂಕಿಯನ್ನು ಮರುದಿನ ಅಳೆದು ತರಲು ಸಾಧ್ಯವೇ ಇಲ್ಲ.

ಸೀರಿಯಲ್ ಪೋರ್ಟ್ ಎಂದರೇನು?

ಕಂಪ್ಯೂಟರಿನ ಹಿಂಭಾಗದಲ್ಲಿ 9 ಅಥವಾ 25 ಪಿನ್ನುಗಳುಳ್ಳ, ಎರಡೂ ಪಕ್ಕದಲ್ಲಿ ತಿರುಪು ಹಾಕಲು ಸ್ಥಳವಿರುವ ಕಿಂಡಿಯೇ ಸೀರಿಯಲ್ ಪೋರ್ಟ್. ಇದರಲ್ಲಿ ಮಾಹಿತಿಯು ಒಂದರ ಹಿಂದೆ ಒಂದರಂತೆ, ಸಾಲಿನಲ್ಲಿ ಹರಿಯುತ್ತದೆ. ಒಂದು ಅಕ್ಷರವನ್ನು ಕಳುಹಿಸಲು ಸಾಮಾನ್ಯವಾಗಿ 10 ಬಿಟ್‌ಗಳು ಬೇಕಾಗುತ್ತವೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 960 ಅಕ್ಷರಗಳು, ಅಂದರೆ ಸುಮಾರು ಒಂದು ಮಿಲಿಸೆಕೆಂಡಿಗೆ ಒಂದು ಅಕ್ಷರ ಬರುತ್ತದೆ.

ಬಂದ ಅಕ್ಷರವನ್ನು ಹಿಡಿದಿಡುವ ಚಿಪ್ಪು ಪೋರ್ಟಿನ ಒಳಗಿರುತ್ತದೆ. 1981ರ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನಲ್ಲಿ ಬಳಸಿದ 8250 ಮತ್ತು ನಂತರ ಬಂದ 16450 ಚಿಪ್ಪುಗಳು ಬಂದ ಅಕ್ಷರಗಳಲ್ಲಿ ಒಂದನ್ನು ಮಾತ್ರ ಹಿಡಿದಿಡಬಲ್ಲವು. ಎರಡನೆಯದು ಬರುವುದರೊಳಗೆ ಕಂಪ್ಯೂಟರ್ ಮೊದಲನೆಯದನ್ನು ತೆಗೆದುಕೊಳ್ಳದಿದ್ದರೆ ಮೊದಲನೆಯದು ಕಳೆದುಹೋಗುತ್ತದೆ. ಮುಂದೆ ಬಂದ 16550ಎ ಚಿಪ್ಪು 16 ಅಕ್ಷರಗಳನ್ನು ಕೂಡಿಡಬಲ್ಲದು. ಕಣದಲ್ಲಿ ಒಂದೇ ಚೀಲ ಹಿಡಿದು ನಿಂತವನಿಗೂ ಹದಿನಾರು ಚೀಲ ಇಟ್ಟುಕೊಂಡವನಿಗೂ ಇರುವಷ್ಟೇ ವ್ಯತ್ಯಾಸ.

ವಿಳಾಸ ಮತ್ತು ಕರೆತಂತಿ

ಪ್ರತಿ ಪೋರ್ಟಿಗೂ ಎರಡು ಗುರುತುಗಳಿರುತ್ತವೆ. ಇವುಗಳನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ವಿಳಾಸ. ಇದು ಜಮೀನಿನ ಸರ್ವೆ ನಂಬರಿನಂತೆ. ಕಂಪ್ಯೂಟರ್ ಒಂದು ಪೋರ್ಟಿಗೆ ಅಕ್ಷರ ಕೊಡುವುದೂ ಅದರಿಂದ ಪಡೆಯುವುದೂ ಈ ಸಂಖ್ಯೆಯ ಮೂಲಕವೇ. ಇದನ್ನು ಹದಿನಾರರ ಗಣನೆಯಲ್ಲಿ ಬರೆಯುವುದರಿಂದ ಅಂಕಿಗಳ ನಡುವೆ ಅಕ್ಷರಗಳೂ ಬರುತ್ತವೆ.

ಎರಡನೆಯದು ಇಂಟರಪ್ಟ್. ಕಂಪ್ಯೂಟರಿನ ಸಂಸ್ಕಾರಕವು ಸದಾ ಯಾವುದಾದರೊಂದು ಕೆಲಸದಲ್ಲಿ ತೊಡಗಿರುತ್ತದೆ. ಪೋರ್ಟಿಗೆ ಅಕ್ಷರ ಬಂದಾಗ, "ಕೈಯಲ್ಲಿರುವ ಕೆಲಸ ನಿಲ್ಲಿಸಿ ಇದನ್ನು ತೆಗೆದುಕೋ" ಎಂದು ಅದನ್ನು ಕರೆಯಬೇಕು. ಈ ಕರೆಗೆ ಇಂಟರಪ್ಟ್ ಎಂದೂ, ಅದು ಬರುವ ತಂತಿಯ ಸಂಖ್ಯೆಗೆ ಐ.ಆರ್.ಕ್ಯೂ. ಎಂದೂ ಹೆಸರು. ಸುಲಭವಾಗಿ ತಿಳಿಯಲೆಂದು ಇದನ್ನು ಈ ಲೇಖನದಲ್ಲಿ ಕರೆತಂತಿ ಎಂದು ಕರೆಯಲಾಗಿದೆ.

1981ರ ಮಾದರಿಯಲ್ಲಿ ಕರೆಗಳನ್ನು ನೋಡಿಕೊಳ್ಳಲು 8259ಎ ಎಂಬ ಒಂದು ಚಿಪ್ಪು ಹಾಗೂ 8 ಕರೆತಂತಿಗಳಿದ್ದವು. 1984ರಲ್ಲಿ ಬಂದ ಎ.ಟಿ. ಮಾದರಿಯಲ್ಲಿ ಅಂತಹ ಎರಡು ಚಿಪ್ಪುಗಳನ್ನು ಸೇರಿಸಿದ್ದರಿಂದ 0ಯಿಂದ 15ರವರೆಗೆ ಸಂಖ್ಯೆಗಳಾದವು. ಎರಡನೆಯ ಚಿಪ್ಪನ್ನು ಮೊದಲನೆಯದಕ್ಕೆ ಸೇರಿಸಲು 2ನೆಯ ತಂತಿ ಬಳಕೆಯಾದುದರಿಂದ ಉಳಿದುದು 15.

ನಾಲ್ಕು ಸೀರಿಯಲ್ ಪೋರ್ಟುಗಳಿಗೆ ರೂಢಿಯಲ್ಲಿರುವ ಗುರುತುಗಳು ಹೀಗಿವೆ:

ಕಾಮ್ 1: ವಿಳಾಸ 3ಎಫ್8, ಕರೆತಂತಿ 4
ಕಾಮ್ 2: ವಿಳಾಸ 2ಎಫ್8, ಕರೆತಂತಿ 3
ಕಾಮ್ 3: ವಿಳಾಸ 3ಇ8, ಕರೆತಂತಿ 4
ಕಾಮ್ 4: ವಿಳಾಸ 2ಇ8, ಕರೆತಂತಿ 3

ವಿಳಾಸಗಳು ನಾಲ್ಕು ಇದ್ದರೂ ಕರೆತಂತಿಗಳು ಎರಡೇ ಇರುವುದನ್ನು ಗಮನಿಸಬೇಕು. ತೊಂದರೆಯ ಬೇರು ಇರುವುದು ಇಲ್ಲಿಯೇ.

ಘರ್ಷಣೆ ಉಂಟಾಗುವ ಬಗೆ

ಎರಡು ಮನೆಗಳಿಗೆ ಒಂದೇ ಗಂಟೆ, ಒಂದೇ ಹಗ್ಗ ಇದೆಯೆಂದು ಭಾವಿಸಿ. ಹಗ್ಗ ಎಳೆದ ಕ್ಷಣದಲ್ಲಿ ಮಾತ್ರ ಗಂಟೆ ಬಾರಿಸುತ್ತದೆ. ಒಬ್ಬನು ಹಗ್ಗ ಎಳೆದು ಹಿಡಿದುಕೊಂಡಿರುವಾಗ ಇನ್ನೊಬ್ಬನು ಎಳೆದರೆ ಗಂಟೆ ಮತ್ತೆ ಬಾರಿಸದು. ಎರಡನೆಯವನ ಕರೆ ಯಾರಿಗೂ ಕೇಳಿಸುವುದಿಲ್ಲ. ಅವನು ಹಗ್ಗ ಬಿಡದೆ ಕಾಯುತ್ತಲೇ ಇದ್ದರೆ ಮೊದಲನೆಯವನು ಮುಂದೆ ಎಳೆದದ್ದೂ ವ್ಯರ್ಥ. ಇಬ್ಬರೂ ಮೂಕರಾಗುತ್ತಾರೆ.

ಹಳೆಯ ಕಂಪ್ಯೂಟರುಗಳ ಐ.ಎಸ್.ಎ. ಮಾದರಿಯ ಕಾರ್ಡುಗಳಲ್ಲಿ ಆಗುವುದು ಇದೇ. ಕರೆತಂತಿಯ ವಿದ್ಯುತ್ ಮಟ್ಟ ಕೆಳಗಿನಿಂದ ಮೇಲಕ್ಕೆ ಏರುವ ಕ್ಷಣವನ್ನಷ್ಟೇ ಸಂಸ್ಕಾರಕ ಗಮನಿಸುತ್ತದೆ. ಅಲ್ಲದೆ ಒಂದು ಕಾರ್ಡು ತಂತಿಯನ್ನು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಎಳೆಯುತ್ತಿದ್ದರೆ ಸಂಕೇತವೇ ಸ್ಪಷ್ಟವಾಗಿರದು.

ಹಾಗಾದರೆ ಮೊದಲೇ ಹೀಗೇಕೆ ಹಂಚಿದರು ಎಂಬ ಪ್ರಶ್ನೆ ಬರುವುದು ಸಹಜ. ಪೋರ್ಟನ್ನು ಯಾವ ಪ್ರೋಗ್ರಾಮೂ ಬಳಸದಿದ್ದಾಗ ಅದು ಕರೆತಂತಿಯಿಂದ ಬೇರ್ಪಟ್ಟಿರುವಂತೆ ರಚನೆ ಮಾಡಲಾಗಿದೆ. ಆದಕಾರಣ ಕಾಮ್ 1 ಮತ್ತು ಕಾಮ್ 3ನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸಿದರೆ ತೊಂದರೆ ಇಲ್ಲ. ಒಂದೇ ಸಮಯದಲ್ಲಿ ಬಳಸಿದಾಗ ಮಾತ್ರ ಘರ್ಷಣೆ. ಡಾಸ್ ಕಾಲದಲ್ಲಿ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ನಡೆಯುತ್ತಿದ್ದುದರಿಂದ ಇದು ಅಷ್ಟಾಗಿ ಬಾಧಿಸಲಿಲ್ಲ. ಮೌಸನ್ನು ಸದಾ ಗಮನಿಸುವ ವಿಂಡೋಸ್ ಬಂದ ಮೇಲೆ, ಹಾಗೂ ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ಆರಂಭಿಸಿ ಮೋಡೆಂ ಬಳಕೆ ಹೆಚ್ಚಿದ ಮೇಲೆ ಈ ತೊಂದರೆ ಮುನ್ನೆಲೆಗೆ ಬಂದಿತು. ಕಾಮ್ 1ರಲ್ಲಿ ಮೌಸ್, ಕಾಮ್ 3ರಲ್ಲಿ ಒಳಮೋಡೆಂ ಎಂಬ ಜೋಡಿ ಇದಕ್ಕೆ ತೀರ ಸಾಮಾನ್ಯ ಉದಾಹರಣೆ.

ಪಿ.ಸಿ.ಐ. ಮಾದರಿಯ ಕಾರ್ಡುಗಳಲ್ಲಿ ಕರೆತಂತಿಯನ್ನು ಹಂಚಿಕೊಳ್ಳುವ ವ್ಯವಸ್ಥೆ ಇದೆ. ಸಾಮಾನ್ಯವಾಗಿ ಪಿ.ಸಿ.ಐ. ಸಾಕೆಟ್ಟು ಬಿಳಿ ಬಣ್ಣದ್ದಾಗಿ ಚಿಕ್ಕದಾಗಿಯೂ, ಐ.ಎಸ್.ಎ. ಸಾಕೆಟ್ಟು ಕಪ್ಪು ಬಣ್ಣದ್ದಾಗಿ ಉದ್ದವಾಗಿಯೂ ಇರುತ್ತದೆ. ಆದರೆ ಒಂದು ಪಿ.ಸಿ.ಐ. ಕಾರ್ಡು ಮತ್ತು ಒಂದು ಐ.ಎಸ್.ಎ. ಕಾರ್ಡು ಒಂದೇ ಕರೆತಂತಿಯನ್ನು ಹಂಚಿಕೊಳ್ಳಲಾರವು ಎಂಬುದನ್ನು ಮರೆಯಬಾರದು.

ತೊಂದರೆಯ ಲಕ್ಷಣಗಳು

1. ಪ್ರತಿ ಉಪಕರಣವೂ ಒಂಟಿಯಾಗಿ ಸರಿಯಾಗಿ ಕೆಲಸ ಮಾಡುತ್ತದೆ. ಎರಡು ಕೂಡಿದಾಗ ಒಂದು ಅಥವಾ ಎರಡೂ ನಿಲ್ಲುತ್ತವೆ. ಇದು ಮುಖ್ಯ ಲಕ್ಷಣ.

2. ಮೋಡೆಂ ಕರೆ ಮಾಡಲು ತೊಡಗಿದ ಕೂಡಲೇ ಪರದೆಯ ಮೇಲಿನ ಮೌಸ್ ಬಾಣ ನಿಂತುಬಿಡುತ್ತದೆ ಅಥವಾ ಎಲ್ಲೆಂದರಲ್ಲಿ ಹಾರುತ್ತದೆ.

3. ಮೋಡೆಂ ಇದೆಯೆಂದು ಕಂಪ್ಯೂಟರ್ ಗುರುತಿಸುತ್ತದೆ, ಆದರೆ ಆಜ್ಞೆಗೆ ಉತ್ತರ ಬರುವುದಿಲ್ಲ. ವಿಳಾಸ ಸರಿಯಿದ್ದು ಕರೆತಂತಿ ತಪ್ಪಿದಾಗ ಹೀಗಾಗುತ್ತದೆ.

4. ಅಕ್ಷರಗಳು ತಡೆದು ತಡೆದು, ಕೆಲವು ಸೆಕೆಂಡುಗಳಿಗೊಮ್ಮೆ ಗುಂಪಾಗಿ ಬರುತ್ತವೆ.

5. ಅಂಕಿಯ ನಡುವಿನ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ. 12.4 ಎಂಬುದು 124 ಅಥವಾ 2.4 ಎಂದು ಬರಬಹುದು.

6. ಕಂಪ್ಯೂಟರ್ ಪೂರ್ತಿಯಾಗಿ ಸ್ತಬ್ಧವಾಗಿ, ವಿದ್ಯುತ್ ಆರಿಸಿ ಮತ್ತೆ ಆರಂಭಿಸಬೇಕಾಗುತ್ತದೆ.

ಬೇರೆ ದೋಷಗಳಿಂದ ಬೇರ್ಪಡಿಸಿ ನೋಡುವುದು

ಎಲೆ ಹಳದಿಯಾದ ಮಾತ್ರಕ್ಕೆ ಸಾರಜನಕದ ಕೊರತೆಯೆಂದು ನಿರ್ಧರಿಸಲಾಗದು. ನೀರು ನಿಂತಾಗಲೂ ಎಲೆ ಹಳದಿಯಾಗುತ್ತದೆ. ಹಾಗೆಯೇ ಅಂಕಿ ಬರಲಿಲ್ಲವೆಂದು ಕೂಡಲೇ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುವುದು ಸರಿಯಲ್ಲ. ಮೊದಲು ಕೆಳಗಿನ ಪರೀಕ್ಷೆಗಳನ್ನು ಮಾಡಬೇಕು.

ಉಳಿದ ಎಲ್ಲ ಸೀರಿಯಲ್ ಉಪಕರಣಗಳನ್ನು ತೆಗೆದು, ತೊಂದರೆ ಕೊಡುತ್ತಿರುವ ಒಂದನ್ನೇ ಬಳಸಿ ನೋಡಿ. ಒಂಟಿಯಾಗಿದ್ದಾಗಲೂ ಕೆಲಸ ಮಾಡದಿದ್ದರೆ ಕಾರಣ ಬೇರೆ ಇದೆ. ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತಿದ್ದರೆ ಉಪಕರಣದ ವೇಗವೂ ಪ್ರೋಗ್ರಾಮಿನಲ್ಲಿ ಕೊಟ್ಟಿರುವ ವೇಗವೂ ಹೊಂದಿಕೆಯಾಗುತ್ತಿಲ್ಲವೆಂದು ತಿಳಿಯಬೇಕು. ಏನೂ ಬಾರದಿದ್ದರೆ ಕೇಬಲ್ ಪರೀಕ್ಷಿಸಬೇಕು. 9 ಪಿನ್ನಿನ ಪೋರ್ಟಿನಲ್ಲಿ 2ನೆಯದು ಮಾಹಿತಿ ಪಡೆಯುವ, 3ನೆಯದು ಕಳುಹಿಸುವ ಪಿನ್ನು, 5ನೆಯದು ಭೂಸಂಪರ್ಕ. ಉಪಕರಣವನ್ನು ತೆಗೆದು, ಪೋರ್ಟಿನ 2 ಮತ್ತು 3ನೆಯ ಪಿನ್ನುಗಳನ್ನು ಮಾತ್ರ ಒಂದು ಸಣ್ಣ ತಂತಿಯಿಂದ ಕೂಡಿಸಿ, ಹೈಪರ್ ಟರ್ಮಿನಲ್‌ನಂತಹ ಪ್ರೋಗ್ರಾಮಿನಲ್ಲಿ ಹರಿವಿನ ನಿಯಂತ್ರಣವನ್ನು ಇಲ್ಲವೆಂದು ಇಟ್ಟು ಅಕ್ಷರಗಳನ್ನು ಒತ್ತಿದರೆ, ಒತ್ತಿದ ಅಕ್ಷರವೇ ಹಿಂದಿರುಗಿ ಪರದೆಯ ಮೇಲೆ ಕಾಣಬೇಕು. ಕಂಡರೆ ಪೋರ್ಟು ಸರಿಯಾಗಿದೆ; ದೋಷ ಕೇಬಲ್‌ನಲ್ಲಿ ಅಥವಾ ಉಪಕರಣದಲ್ಲಿದೆ.

ಒಂಟಿಯಾಗಿ ಸರಿಯಿದ್ದು, ಕೂಡಿದಾಗ ಮಾತ್ರ ಕೆಟ್ಟರೆ ಮುಂದಿನ ಕ್ರಮಗಳಿಗೆ ಹೋಗಬಹುದು.

ಮೊದಲು ಪಟ್ಟಿ ತಯಾರಿಸಿ

ಯಾವ ಜಂಪರನ್ನೂ ಅಲುಗಿಸುವ ಮುನ್ನ ಒಂದು ಹಾಳೆಯ ಮೇಲೆ ಪಟ್ಟಿ ಬರೆಯಬೇಕು. ಈ ಹಾಳೆಯೇ ಇಡೀ ಕೆಲಸದ ತಳಹದಿ. ಎಡಗಡೆ ಉಪಕರಣದ ಹೆಸರು, ಅದರ ಮುಂದೆ ಪೋರ್ಟು, ವಿಳಾಸ ಹಾಗೂ ಕರೆತಂತಿ ಹೀಗೆ ನಾಲ್ಕು ಅಂಕಣಗಳಿರಲಿ. ಮಾಹಿತಿಯನ್ನು ಈ ರೀತಿ ಪಡೆಯಬಹುದು.

ಡಾಸ್ ಇರುವ ಕಂಪ್ಯೂಟರಿನಲ್ಲಿ ಡೀಬಗ್ ಎಂಬ ಪ್ರೋಗ್ರಾಮನ್ನು ತೆರೆದು, ಸಣ್ಣ ಗೆರೆಯ ಮುಂದೆ "ಡಿ 40:0 ಎಲ್ 8" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ, ಕಂಪ್ಯೂಟರ್ ಆರಂಭದಲ್ಲಿ ಗುರುತಿಸಿದ ಪೋರ್ಟುಗಳ ವಿಳಾಸಗಳು ಸಾಲಾಗಿ ಕಾಣುತ್ತವೆ. "ಎಫ್8 03 ಎಫ್8 02" ಎಂದು ಬಂದರೆ 3ಎಫ್8 ಮತ್ತು 2ಎಫ್8 ಎಂದು ಓದಿಕೊಳ್ಳಬೇಕು. ಉಳಿದ ಸ್ಥಾನಗಳಲ್ಲಿ ಸೊನ್ನೆಗಳಿದ್ದರೆ ಮೂರನೆಯ, ನಾಲ್ಕನೆಯ ಪೋರ್ಟು ಇಲ್ಲವೆಂದೇ ಅರ್ಥವಲ್ಲ. ಅನೇಕ ಹಳೆಯ ಕಂಪ್ಯೂಟರುಗಳು ಮೊದಲ ಎರಡನ್ನು ಮಾತ್ರ ಹುಡುಕುತ್ತವೆ. ಹೊರಬರಲು "ಕ್ಯೂ" ಒತ್ತಬೇಕು. ಈ ಪರೀಕ್ಷೆ ವಿಳಾಸವನ್ನಷ್ಟೇ ಹೇಳುತ್ತದೆ, ಕರೆತಂತಿಯನ್ನು ಹೇಳುವುದಿಲ್ಲ.

ಡಾಸ್ 6 ಹಾಗೂ ವಿಂಡೋಸ್ 3.1ರೊಡನೆ ಬಂದ ಎಂ.ಎಸ್.ಡಿ. ಎಂಬ ತಪಾಸಣಾ ಪ್ರೋಗ್ರಾಮಿನಲ್ಲಿ ಕರೆತಂತಿಗಳ ಪಟ್ಟಿಯೂ, ಪೋರ್ಟಿನಲ್ಲಿರುವ ಚಿಪ್ಪಿನ ಮಾದರಿಯೂ ದೊರೆಯುತ್ತದೆ. ಇದನ್ನು ವಿಂಡೋಸ್ ಒಳಗಿನಿಂದ ನಡೆಸಿದರೆ ತಪ್ಪು ಮಾಹಿತಿ ಬರಬಹುದು. ನೇರವಾಗಿ ಡಾಸ್‌ನಿಂದಲೇ ನಡೆಸಬೇಕು.

ವಿಂಡೋಸ್ 95 ಅಥವಾ 98 ಇದ್ದರೆ ಕೆಲಸ ಇನ್ನೂ ಸುಲಭ. ಕಂಟ್ರೋಲ್ ಪ್ಯಾನೆಲ್, ಸಿಸ್ಟಮ್, ಡಿವೈಸ್ ಮ್ಯಾನೇಜರ್ ಎಂದು ಕ್ರಮವಾಗಿ ತೆರೆದು, ಮೇಲ್ತುದಿಯ ಕಂಪ್ಯೂಟರ್ ಎಂಬ ಪದದ ಮೇಲೆ ಎರಡು ಬಾರಿ ಒತ್ತಿದರೆ 0ಯಿಂದ 15ರವರೆಗಿನ ಕರೆತಂತಿಗಳನ್ನು ಯಾವ ಯಾವ ಉಪಕರಣ ಹಿಡಿದಿದೆ ಎಂಬುದು ತಿಳಿಯುತ್ತದೆ. ಘರ್ಷಣೆಯಲ್ಲಿರುವ ಉಪಕರಣದ ಪಕ್ಕದಲ್ಲಿ ಹಳದಿ ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ. ಆದರೆ ಜಂಪರ್ ಮೂಲಕ ಹೊಂದಿಸುವ ಹಳೆಯ ಕಾರ್ಡನ್ನು ವಿಂಡೋಸ್ ಗುರುತಿಸದೆಯೂ ಇರಬಹುದು. ಆದ್ದರಿಂದ ಚಿಹ್ನೆ ಇಲ್ಲವೆಂದ ಮಾತ್ರಕ್ಕೆ ಘರ್ಷಣೆ ಇಲ್ಲವೆಂದು ಭಾವಿಸಬಾರದು. ಕಾರ್ಡಿನ ಮೇಲಿನ ಜಂಪರನ್ನು ಕಣ್ಣಾರೆ ನೋಡಿಯೇ ಬರೆದುಕೊಳ್ಳಬೇಕು.

ಪಟ್ಟಿ ಸಿದ್ಧವಾದ ನಂತರ ಕರೆತಂತಿಯ ಅಂಕಣವನ್ನು ಮೇಲಿನಿಂದ ಕೆಳಗೆ ಓದಿ. ಒಂದೇ ಸಂಖ್ಯೆ ಎರಡು ಬಾರಿ ಬಂದಿದ್ದರೆ, ಆ ಎರಡು ಉಪಕರಣಗಳು ಏಕಕಾಲದಲ್ಲಿ ಬೇಕೆ ಎಂದು ನೋಡಿ. ಬೇಕಿದ್ದರೆ ಅದೇ ಘರ್ಷಣೆಯ ಸ್ಥಳ.

ಖಾಲಿ ಇರಬಹುದಾದ ಕರೆತಂತಿಗಳು

0 ಗಡಿಯಾರದ ಮಿಡಿತಕ್ಕೆ, 1 ಕೀಲಿಮಣೆಗೆ, 6 ಫ್ಲಾಪಿಗೆ, 8 ದಿನಾಂಕ ಮತ್ತು ವೇಳೆಗೆ, 13 ಗಣಿತ ಸಂಸ್ಕಾರಕಕ್ಕೆ, 14 ಮತ್ತು 15 ಹಾರ್ಡ್ ಡಿಸ್ಕ್ ಹಾಗೂ ಸಿ.ಡಿ. ಸಾಧನಗಳಿಗೆ ಸಾಮಾನ್ಯವಾಗಿ ಮೀಸಲು. ಇವುಗಳನ್ನು ಮುಟ್ಟಬಾರದು. 12ನ್ನು ಗುಂಡನೆಯ ಸಣ್ಣ ತುದಿಯ ಪಿ.ಎಸ್.2 ಮೌಸ್ ಬಳಸುತ್ತದೆ.

5ನೆಯದು ಎರಡನೆಯ ಮುದ್ರಣ ಪೋರ್ಟಿಗೆಂದು ಇದ್ದರೂ ಅಂತಹ ಪೋರ್ಟು ಇರುವುದು ವಿರಳ. ಧ್ವನಿ ಕಾರ್ಡ್ ಇಲ್ಲದಿದ್ದರೆ ಇದು ಬಹುಮಟ್ಟಿಗೆ ಖಾಲಿ ಇರುತ್ತದೆ. 7ನೆಯದು ಮೊದಲ ಮುದ್ರಣ ಪೋರ್ಟಿನದು. 9, 10 ಮತ್ತು 11 ಅನೇಕ ಕಂಪ್ಯೂಟರುಗಳಲ್ಲಿ ಖಾಲಿ ಇರುತ್ತವೆ. ಆದರೆ ಚಿಕ್ಕ ತುದಿಯ 8 ಬಿಟ್ ಕಾರ್ಡುಗಳಿಗೆ 10 ಮತ್ತು ಅದರ ಮೇಲಿನ ತಂತಿಗಳು ಎಟಕುವುದಿಲ್ಲ. ಕಾರ್ಡಿನ ಕೆಳತುದಿಯಲ್ಲಿ ಚಿನ್ನದ ಬಣ್ಣದ ಪಟ್ಟಿಗಳು ಒಂದೇ ಗುಂಪಾಗಿದ್ದರೆ 8 ಬಿಟ್, ನಡುವೆ ಸೀಳು ಇದ್ದು ಎರಡು ಗುಂಪುಗಳಿದ್ದರೆ 16 ಬಿಟ್ ಎಂದು ಗುರುತಿಸಬಹುದು.

ನಿವಾರಣಾ ಕ್ರಮಗಳು

ಸುಲಭವಾದ ಕ್ರಮದಿಂದ ಆರಂಭಿಸಿ ಮುಂದುವರಿಯುವುದು ಒಳ್ಳೆಯದು.

1. ಸರದಿ ಏರ್ಪಡಿಸುವುದು: ಎರಡು ಉಪಕರಣಗಳು ಏಕಕಾಲಕ್ಕೆ ಬೇಡವಾದರೆ ಏನನ್ನೂ ಬದಲಾಯಿಸಬೇಕಾಗಿಲ್ಲ. ಕೆರೆಯ ನೀರನ್ನು ನೀರುಗಂಟಿ ಸರದಿಯಂತೆ ಬಿಡುವ ಹಾಗೆ, ಒಂದರ ಪ್ರೋಗ್ರಾಮನ್ನು ಪೂರ್ತಿ ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯಬೇಕು. ಮೌಸ್ ಮಾತ್ರ ವಿಂಡೋಸ್‌ನಲ್ಲಿ ಸದಾ ಬಳಕೆಯಲ್ಲಿರುವುದರಿಂದ ಅದಕ್ಕೆ ಈ ಕ್ರಮ ಸಲ್ಲದು.

2. ಮೌಸ್ ಬದಲಾವಣೆ: ಕಂಪ್ಯೂಟರಿನಲ್ಲಿ ಪಿ.ಎಸ್.2 ಕಿಂಡಿ ಇದ್ದರೆ ಸೀರಿಯಲ್ ಮೌಸ್ ತೆಗೆದು ಪಿ.ಎಸ್.2 ಮೌಸ್ ಹಾಕುವುದರಿಂದ ಕಾಮ್ 1 ಮತ್ತು 4ನೆಯ ಕರೆತಂತಿ ಒಮ್ಮೆಗೇ ಬಿಡುವಾಗುತ್ತವೆ.

3. ಉಪಯೋಗವಿಲ್ಲದ ಪೋರ್ಟನ್ನು ಮುಚ್ಚುವುದು: ಕಂಪ್ಯೂಟರ್ ಆರಂಭವಾಗುವಾಗ ಪರದೆ ಸೂಚಿಸುವ ಕೀಲಿಯನ್ನು ಒತ್ತಿ ಬಯಾಸ್ ಸೆಟಪ್ ತೆರೆದು, ಬಳಸದ ಕಾಮ್ 2ನ್ನು ನಿಷ್ಕ್ರಿಯಗೊಳಿಸಬೇಕು. ನಂತರ ಒಳಮೋಡೆಂನ ಜಂಪರನ್ನು ಕಾಮ್ 2, ಕರೆತಂತಿ 3ಕ್ಕೆ ಹೊಂದಿಸಬೇಕು. ಒಳಮೋಡೆಂ ಇರುವಲ್ಲಿ ಹೆಚ್ಚು ನೆಚ್ಚಬಹುದಾದ ಕ್ರಮ ಇದು. ಏಕೆಂದರೆ ಎಲ್ಲ ಪ್ರೋಗ್ರಾಮುಗಳೂ ಕಾಮ್ 2ನ್ನು ಅದರ ರೂಢಿಯ ಗುರುತುಗಳಿಂದಲೇ ಬಲ್ಲವು.

4. ಕರೆತಂತಿ ಬದಲಾವಣೆ: ಪೋರ್ಟು ಕಾಮ್ 3 ಆಗಿಯೇ ಉಳಿಯಲಿ, ಕರೆತಂತಿಯನ್ನು 4ರಿಂದ 5ಕ್ಕೆ ಬದಲಾಯಿಸಬೇಕು. ಕಾರ್ಡಿನ ಮೇಲೆ ಎರಡು ಪಿನ್ನುಗಳನ್ನು ಕೂಡಿಸುವ ಪುಟ್ಟ ಪ್ಲಾಸ್ಟಿಕ್ ಟೋಪಿಯೇ ಜಂಪರ್. ಅದನ್ನು ಎತ್ತಿ ಬೇಕಾದ ಸಂಖ್ಯೆಯ ಪಿನ್ನುಗಳ ಮೇಲೆ ಕೂರಿಸಬೇಕು. ಕಾರ್ಡಿನಲ್ಲಿ ಮಾಡಿದ ಬದಲಾವಣೆಯನ್ನು ಪ್ರೋಗ್ರಾಮಿಗೂ ತಿಳಿಸುವುದು ಅತ್ಯಗತ್ಯ. ವಿಂಡೋಸ್ 3.1ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಪೋರ್ಟ್ಸ್ ವಿಭಾಗದ ಅಡ್ವಾನ್ಸ್ಡ್ ಪುಟದಲ್ಲಿ, ವಿಂಡೋಸ್ 95ರಲ್ಲಿ ಆ ಪೋರ್ಟಿನ ರಿಸೋರ್ಸಸ್ ಪುಟದಲ್ಲಿ ಸ್ವಯಂಚಾಲಿತ ಆಯ್ಕೆಯನ್ನು ತೆಗೆದು ಹೊಸ ಸಂಖ್ಯೆಯನ್ನು ಕೊಡಬೇಕು. ಲಿನಕ್ಸ್‌ನಲ್ಲಿ ಸೆಟ್‌ಸೀರಿಯಲ್ ಎಂಬ ಆಜ್ಞೆ ಇದೆ. ಕೆಲವು ಹಳೆಯ ಡಾಸ್ ಪ್ರೋಗ್ರಾಮುಗಳಲ್ಲಿ ಈ ಸಂಖ್ಯೆಯನ್ನು ಬದಲಾಯಿಸಲು ಅವಕಾಶವೇ ಇರುವುದಿಲ್ಲ. ಅಂತಹ ಪ್ರೋಗ್ರಾಮಿಗೆ ಕಾಮ್ 1 ಅಥವಾ ಕಾಮ್ 2ನ್ನೇ ಬಿಟ್ಟುಕೊಟ್ಟು, ಬೇರೆ ಉಪಕರಣವನ್ನು ಸ್ಥಳಾಂತರಿಸಬೇಕು.

5. ಹೊರಮೋಡೆಂ ಬಳಕೆ: ಕಂಪ್ಯೂಟರಿನ ಹೊರಗಿರುವ ಮೋಡೆಂ ಈಗಿರುವ ಪೋರ್ಟನ್ನೇ ಬಳಸುವುದರಿಂದ ಹೊಸ ಕರೆತಂತಿ ಬೇಡುವುದಿಲ್ಲ. ಸಂದೇಶ ಕಳುಹಿಸುವ ಜಿ.ಎಸ್.ಎಂ. ಮೋಡೆಂಗಳನ್ನು ಹೀಗೆ ಜೋಡಿಸಬಹುದು.

6. ಪಿ.ಸಿ.ಐ. ಕಾರ್ಡುಗಳೂ ಇರುವ ಕಂಪ್ಯೂಟರಿನಲ್ಲಿ ಐ.ಎಸ್.ಎ. ಕಾರ್ಡಿಗೆ ಕೊಟ್ಟ ಕರೆತಂತಿಯನ್ನು ಬಯಾಸ್ ಸೆಟಪ್‌ನಲ್ಲಿ ಐ.ಎಸ್.ಎ.ಗೆಂದು ಕಾದಿರಿಸಬೇಕು. ಇಲ್ಲವಾದರೆ ಕಂಪ್ಯೂಟರ್ ಅದನ್ನು ತಾನಾಗಿಯೇ ಇನ್ನೊಂದಕ್ಕೆ ಕೊಟ್ಟುಬಿಡಬಹುದು.

ಕಾಮ್ 4ರ ಬಗ್ಗೆ ಒಂದು ವಿಶೇಷ ಎಚ್ಚರಿಕೆ. 8514ಎ ಮಾದರಿಯನ್ನು ಅನುಸರಿಸುವ ಕೆಲವು ಪರದೆ ಕಾರ್ಡುಗಳು 2ಇ8 ವಿಳಾಸವನ್ನು ತಾವೇ ಬಳಸುತ್ತವೆ. ಎಸ್3 ಸಂಸ್ಥೆಯ ಹಲವು ಕಾರ್ಡುಗಳು ಈ ಗುಂಪಿನವು. ಅಂತಹ ಕಂಪ್ಯೂಟರಿನಲ್ಲಿ ಕರೆತಂತಿ ಎಷ್ಟೇ ಬದಲಾಯಿಸಿದರೂ ಕಾಮ್ 4 ಸರಿಯಾಗದು. ಅಲ್ಲಿ ಇರುವುದು ಗಂಟೆಯ ಜಗಳವಲ್ಲ, ಸರ್ವೆ ನಂಬರಿನ ಜಗಳ.

ಒಂದು ಉದಾಹರಣೆ

ಒಂದು ಹಾಲಿನ ಸಂಘದ ಕಂಪ್ಯೂಟರಿನಲ್ಲಿ ಜೋಡಣೆ ಈ ರೀತಿ ಇದೆಯೆಂದು ಭಾವಿಸೋಣ: ಕಾಮ್ 1ರಲ್ಲಿ ಮೌಸ್, ಕಾಮ್ 2ರಲ್ಲಿ ತೂಕದ ಯಂತ್ರ, ಪ್ರತ್ಯೇಕ ಕಾರ್ಡಿನ ಕಾಮ್ 3ರಲ್ಲಿ ಜಿಡ್ಡು ಅಳೆಯುವ ಯಂತ್ರ, ಕಾಮ್ 4 ಆಗಿ ಒಳಮೋಡೆಂ. ವಿಂಡೋಸ್ 95 ಇದೆ; ಧ್ವನಿ ಕಾರ್ಡ್ ಇಲ್ಲ, ಪಿ.ಎಸ್.2 ಕಿಂಡಿಯೂ ಇಲ್ಲ.

ಪಟ್ಟಿ ಬರೆದರೆ ಕರೆತಂತಿಯ ಅಂಕಣದಲ್ಲಿ ಬರುವುದು 4, 3, 4, 3. ಮೌಸ್ ಮತ್ತು ಜಿಡ್ಡಿನ ಯಂತ್ರ ಒಂದು ಜೋಡಿ. ತೂಕದ ಯಂತ್ರ ಮತ್ತು ಮೋಡೆಂ ಇನ್ನೊಂದು ಜೋಡಿ.

ಮೊದಲ ಜೋಡಿಯ ಎರಡೂ ಬೆಳಗಿನ ಹಾಲು ಸಂಗ್ರಹಣೆಯ ಹೊತ್ತಿನಲ್ಲಿ ಒಟ್ಟಿಗೆ ಬೇಕು. ಆದ್ದರಿಂದ ಜಿಡ್ಡಿನ ಯಂತ್ರದ ಕಾರ್ಡನ್ನು 5ನೆಯ ಕರೆತಂತಿಗೆ ಬದಲಾಯಿಸಬೇಕು. ಎರಡನೆಯ ಜೋಡಿಯಲ್ಲಿ ಮೋಡೆಂ ಬೇಕಾಗುವುದು ಸಂಗ್ರಹಣೆ ಮುಗಿದ ಮೇಲೆ ಲೆಕ್ಕ ಕಳುಹಿಸಲು ಮಾತ್ರ. ಸಂಗ್ರಹಣೆಯ ಪ್ರೋಗ್ರಾಮನ್ನು ಮುಚ್ಚಿ ನಂತರ ಮೋಡೆಂ ಬಳಸುವ ನಿಯಮ ಮಾಡಿಕೊಂಡರೆ ಅಲ್ಲಿ ಏನನ್ನೂ ಬದಲಾಯಿಸಬೇಕಾಗಿಲ್ಲ. ಎರಡೂ ಕೂಡಿಯೇ ನಡೆಯಬೇಕೆಂದಾದರೆ, ಮೋಡೆಂ 16 ಬಿಟ್ ಕಾರ್ಡಾಗಿದ್ದು ಜಂಪರಿನಲ್ಲಿ ಅವಕಾಶವಿದ್ದಲ್ಲಿ ಅದನ್ನು 10ಕ್ಕೆ ಹಾಕಬಹುದು. ಆಗ ಅಂಕಣದಲ್ಲಿ 4, 3, 5, 10 ಎಂದು ನಾಲ್ಕು ಬೇರೆ ಬೇರೆ ಸಂಖ್ಯೆಗಳಾದವು. ಇಷ್ಟೇ ಚಿಕಿತ್ಸೆ. ಹೊಸದಾಗಿ ಕೊಂಡ ವಸ್ತು ಒಂದೂ ಇಲ್ಲ.

ಬದಲಾವಣೆಯ ನಂತರ ಪರೀಕ್ಷಿಸದೆ ಸಂಗ್ರಹಣೆ ಆರಂಭಿಸಬಾರದು. ಮುದ್ರೆಯುಳ್ಳ 5 ಕೆ.ಜಿ. ಬಟ್ಟನ್ನು ತೂಕದ ಯಂತ್ರದ ಮೇಲೆ ಹತ್ತು ಬಾರಿ ಇಟ್ಟು ತೆಗೆಯಿರಿ. ಹಾಗೆ ಮಾಡುವಾಗ ಇನ್ನೊಬ್ಬರು ಮೌಸನ್ನು ನಿಲ್ಲಿಸದೆ ಆಡಿಸುತ್ತಿರಲಿ, ಜಿಡ್ಡಿನ ಯಂತ್ರದಿಂದಲೂ ಅಂಕಿ ಬರುತ್ತಿರಲಿ. ಪ್ರತಿ ಸಲವೂ ಯಂತ್ರದ ಮುಖದಲ್ಲಿ ಕಾಣುವ ಅಂಕಿಯೂ ಪರದೆಯ ಅಂಕಿಯೂ ಒಂದೇ ಆಗಿರಬೇಕು. ಒಂದು ಸಲ ತಪ್ಪಿದರೂ ಕೆಲಸ ಮುಗಿದಿಲ್ಲವೆಂದು ತಿಳಿಯಬೇಕು. ಈ ಪರೀಕ್ಷೆಯನ್ನು ಸಂಘದ ಒಬ್ಬಿಬ್ಬರು ಸದಸ್ಯರ ಎದುರಿನಲ್ಲಿ ಮಾಡುವುದು ಒಳಿತು. ಸದಸ್ಯರಿಗೂ ನಂಬಿಕೆ ಮೂಡುತ್ತದೆ, ಕಾರ್ಯದರ್ಶಿಯ ಮೇಲೂ ಅಪವಾದ ಬಾರದು.

ಮುಂಜಾಗ್ರತೆಯ ಕ್ರಮಗಳು

1. ಪೆಟ್ಟಿಗೆ ಬಿಚ್ಚುವ ಮುನ್ನ ಸ್ವಿಚ್ ಆರಿಸಿ ಪ್ಲಗ್ಗನ್ನೂ ಕೀಳಬೇಕು. ಮೋಡೆಂಗೆ ಬರುವ ದೂರವಾಣಿ ತಂತಿಯನ್ನೂ ತೆಗೆಯಬೇಕು. ಕರೆ ಬಂದಾಗ ಆ ತಂತಿಯಲ್ಲಿ 75 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ ಹರಿಯಬಹುದು. ಗುಡುಗು ಸಿಡಿಲಿನ ಕಾಲದಲ್ಲಿ ಅಪಾಯ ಇನ್ನೂ ಹೆಚ್ಚು.

2. ಕಾರ್ಡನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಮೈಯಲ್ಲಿನ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಕಾರ್ಡನ್ನು ಅಂಚಿನಲ್ಲಿಯೇ ಹಿಡಿಯಬೇಕು.

3. ಮುಖ್ಯವಾದ ಲೆಕ್ಕಪತ್ರಗಳ ಪ್ರತಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು.

4. ಜಂಪರುಗಳು ಮೊದಲಿದ್ದ ಸ್ಥಾನವನ್ನು ಚಿತ್ರ ಬರೆದು ಅಥವಾ ಛಾಯಾಚಿತ್ರ ತೆಗೆದು ಇಟ್ಟುಕೊಳ್ಳಬೇಕು. ತೆಗೆದ ಜಂಪರನ್ನು ಬಿಸಾಡಬಾರದು.

5. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಬರೆದುಕೊಂಡು ಮುಂದುವರಿಯಬೇಕು. ಗೊಬ್ಬರ, ಔಷಧಿ, ನೀರು ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಪೈರು ಚೇತರಿಸಿಕೊಂಡದ್ದು ಯಾವುದರಿಂದ ಎಂದು ತಿಳಿಯದು.

ಸರಿಪಡಿಸಿದ್ದು ಮರುಕಳಿಸದಿರಲು

ಸರಿಪಡಿಸಿ ಕೆಲವು ತಿಂಗಳಾದ ಮೇಲೆ ಅದೇ ತೊಂದರೆ ಮತ್ತೆ ಕಾಣಿಸಿಕೊಳ್ಳುವುದುಂಟು. ಇದಕ್ಕೆ ಸಾಮಾನ್ಯ ಕಾರಣ ಕಂಪ್ಯೂಟರಿನ ಒಳಗಿರುವ ಸಣ್ಣ ಬ್ಯಾಟರಿ. ಬಯಾಸ್ ಸೆಟಪ್‌ನಲ್ಲಿ ನಾವು ಮಾಡಿದ ಆಯ್ಕೆಗಳು ಈ ಬ್ಯಾಟರಿಯ ಬಲದಿಂದ ಉಳಿದಿರುತ್ತವೆ. ಬ್ಯಾಟರಿ ಸತ್ತು, ಕರೆಂಟು ಹೋದರೆ ಆಯ್ಕೆಗಳೆಲ್ಲ ಅಳಿಸಿ, ಮುಚ್ಚಿದ್ದ ಕಾಮ್ 2 ಮತ್ತೆ ತೆರೆದುಕೊಂಡು ಮೋಡೆಂ ಜೊತೆ ಜಗಳಕ್ಕೆ ನಿಲ್ಲುತ್ತದೆ. ಕಂಪ್ಯೂಟರಿನ ದಿನಾಂಕ ಮತ್ತು ವೇಳೆ ಪದೇ ಪದೇ ತಪ್ಪುತ್ತಿದ್ದರೆ ಬ್ಯಾಟರಿ ಮುಗಿದಿದೆಯೆಂದು ತಿಳಿಯಬಹುದು. 1990ರ ದಶಕದ ಕೊನೆಯಿಂದ ಈಚಿನ ಹಲವು ಕಂಪ್ಯೂಟರುಗಳಲ್ಲಿ ನಾಣ್ಯದಾಕಾರದ 3 ವೋಲ್ಟಿನ ಸಿ.ಆರ್. 2032 ಬ್ಯಾಟರಿ ಇರುತ್ತದೆ. ಇದು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಅದಕ್ಕಿಂತ ಹಳೆಯ ಕೆಲವು ಬೋರ್ಡುಗಳಲ್ಲಿ ಬೆಸುಗೆ ಹಾಕಿದ ಬ್ಯಾಟರಿ ಇದ್ದು, ಅದು ಸೋರಿ ಬೋರ್ಡನ್ನೇ ತಿನ್ನಬಹುದಾದ್ದರಿಂದ ತಿಳಿದವರಿಂದ ತೆಗೆಸುವುದು ಸೂಕ್ತ.

ಮೊದಲು ಬರೆದ ಪಟ್ಟಿಯ ತಿದ್ದಿದ ಪ್ರತಿಯನ್ನು ದಿನಾಂಕ ಹಾಕಿ, ಕಂಪ್ಯೂಟರಿನ ಪಕ್ಕಕ್ಕೆ ಅಂಟಿಸಬೇಕು. ಬಯಾಸ್‌ನಲ್ಲಿ ಮಾಡಿದ ಆಯ್ಕೆಗಳನ್ನೂ ಅದರಲ್ಲಿ ಸೇರಿಸಬೇಕು. ಕಾರ್ಯದರ್ಶಿ ಬದಲಾದರೂ, ದುರಸ್ತಿಗೆ ಬರುವವರು ಬದಲಾದರೂ ಈ ಹಾಳೆ ಉಳಿಯುತ್ತದೆ. ಪ್ರಯೋಗಾಲಯಗಳಿಗೆ ಭೇಟಿ ನೀಡುವ ವಿಸ್ತರಣಾ ಕಾರ್ಯಕರ್ತರು ಅಂತಹ ಹಾಳೆ ಇದೆಯೇ ಎಂದು ವಿಚಾರಿಸಬೇಕು.

ಹೊಸ ಕಂಪ್ಯೂಟರ್ ಕೊಂಡಾಗ ಯು.ಎಸ್.ಬಿ.ಯಿಂದ ಸೀರಿಯಲ್‌ಗೆ ಪರಿವರ್ತಿಸುವ ಸಾಧನ ಬಳಸಿದರೆ ಮೇಲೆ ಹೇಳಿದ ಘರ್ಷಣೆ ಇರುವುದಿಲ್ಲ. ಯು.ಎಸ್.ಬಿ.ಗೆ ಜೋಡಿಸಿದ ಹಲವು ಸಾಧನಗಳು ಸರದಿಯಂತೆ ಒಂದೇ ದಾರಿಯನ್ನು ಬಳಸುತ್ತವೆ. ಆದರೆ ಡಾಸ್ ಪ್ರೋಗ್ರಾಮುಗಳು ಪೋರ್ಟಿನ ವಿಳಾಸವನ್ನು ನೇರವಾಗಿ ಮುಟ್ಟುವುದರಿಂದ ಇಂತಹ ಸಾಧನದೊಡನೆ ಸಾಮಾನ್ಯವಾಗಿ ನಡೆಯುವುದಿಲ್ಲ. ಕೊಳ್ಳುವ ಮೊದಲು ಉಪಕರಣ ತಯಾರಕರನ್ನು ವಿಚಾರಿಸಿ, ಸಾಧ್ಯವಾದರೆ ಸ್ವಂತ ಉಪಕರಣದೊಡನೆ ಜೋಡಿಸಿ ನೋಡಿ ಕೊಳ್ಳುವುದು ಜಾಣತನ.

ನೆನಪಿನಲ್ಲಿಡಬೇಕಾದ ಅಂಶಗಳು

ಒಂಟಿಯಾಗಿ ಸರಿ, ಕೂಡಿದಾಗ ತಪ್ಪು ಎಂಬುದು ಕರೆತಂತಿ ಘರ್ಷಣೆಯ ಮುಖ್ಯ ಗುರುತು.

ಕಾಮ್ 1 ಮತ್ತು 3ಕ್ಕೆ ಕರೆತಂತಿ 4. ಕಾಮ್ 2 ಮತ್ತು 4ಕ್ಕೆ ಕರೆತಂತಿ 3.

ಏಕಕಾಲದಲ್ಲಿ ಬಳಸುವ ಪ್ರತಿ ಐ.ಎಸ್.ಎ. ಉಪಕರಣಕ್ಕೂ ತನ್ನದೇ ವಿಳಾಸ, ತನ್ನದೇ ಕರೆತಂತಿ ಇರಬೇಕು.

ಮೊದಲು ಪಟ್ಟಿ, ನಂತರ ಜಂಪರ್, ಕೊನೆಯಲ್ಲಿ ಬಟ್ಟಿನ ಪರೀಕ್ಷೆ.

ಅಂಕಿ ಬಾರದಿದ್ದ ಹೊತ್ತಿನಲ್ಲಿ ಅಂದಾಜಿನ ಅಂಕಿಯನ್ನು ಒತ್ತಬಾರದು. ಯಂತ್ರದ ಮುಖ ನೋಡಿ ಪುಸ್ತಕದಲ್ಲಿ ಬರೆದು, ರೈತನಿಗೆ ತೋರಿಸಿ, ನಂತರ ಕಂಪ್ಯೂಟರಿಗೆ ಸೇರಿಸಬೇಕು. ಕಂಪ್ಯೂಟರ್ ಎಷ್ಟು ಹಳೆಯದಾದರೂ ಸರಿ, ಅದರಿಂದ ಬರುವ ಚೀಟಿಯಲ್ಲಿರುವ ಅಂಕಿ ಆ ದಿನ ಆ ರೈತ ತಂದ ಹಾಲಿನದೇ ಆಗಿರಬೇಕು.